ಗರ್ಜಿಸದ ದೊರೆ

ಮಸ್ಕತ್ತಿನ ದಾರ್ಸೈಟಿನಿಂದ ಅಜೈಬಾದವರೆಗೆ ನೆರೆದಿರುವ ಮಹಾಜನರೇ, ಕಿವಿ ಇತ್ತ ಕೊಡಿ!

ಮುಂದಿನ ಶುಕ್ರವಾರದ ನಮ್ಮ ಕನ್ನಡ ನಾಟಕದಲ್ಲಿ ಕ್ರೂರ ದೊರೆಯ ಪಾತ್ರ ನನ್ನದು. ಕಚ್ಚಾ ತೈಲದ ಬೆಲೆ ಬಿದ್ದು ಪ್ರಾಯೋಜಕರು ಕೈಯೆತ್ತಿದ್ದರಿಂದ ಕಿರೀಟವೂ ಹೋಯಿತು, ಸಿಂಹಾಸನವೂ ಹೋಯಿತು. ಉಳಿದದ್ದು ನನ್ನ ಗಂಟಲೊಂದೇ. ಅದಕ್ಕೆ ಸ್ಫೂರ್ತಿ ತುಂಬಲೆಂದು ಇವತ್ತು ಹೆಂಡತಿಯೊಡನೆ ಹಳೆಯ ಮಸ್ಕತ್ತಿನ ಮ್ಯೂಸಿಯಂಗೆ ಹೋದೆ.

ಗಾಜಿನೊಳಗೆ ಒಂದು ಕಂದೀಲು. ಅರ್ಧ ಶತಮಾನದ ಹಿಂದೆ ಒಮಾನ್ ಆಳಿದ ದೊರೆಯ ಕಾಲದಲ್ಲಿ ಕೋಟೆ ಬಾಗಿಲು ಮುಚ್ಚಿದ ಮೇಲೆ ಕಂದೀಲಿಲ್ಲದೆ ನಡೆದರೆ ಸೆರೆಮನೆಯಂತೆ. ಪಕ್ಕದ ಫಲಕದಲ್ಲಿ ಇದನ್ನು ಓದಿದ್ದೇ ತಡ, ಎದೆಯುಬ್ಬಿಸಿ ಗರ್ಜಿಸಿದೆ: “ಯಾರಲ್ಲಿ! ದೀಪವಿಲ್ಲದ ಈ ದ್ರೋಹಿಯನ್ನು ಸೆರೆಗೆ ತಳ್ಳಿ!”

“ಸಣ್ಣಗ ಮಾತಾಡ್ರೀ, ಮಂದಿ ನೋಡಾಕತ್ತಾರ,” ಎಂದು ಹೆಂಡತಿ ತೋಳು ಚಿವುಟಿದಳು.

ವಯಸ್ಸಾದ ಒಮಾನಿ ಕಾವಲುಗಾರ ಬಂದೇಬಿಟ್ಟ. ಹೊರಗೆ ಹಾಕುತ್ತಾನೆಂದುಕೊಂಡರೆ, ಹಿಂದಿಯಲ್ಲಿ ಕೇಳಿದ, “ಇದು ಯಾರ ಪಾತ್ರ ಭಾಯ್?”

“ನಿಮ್ಮ ಆ ಕಾಲದ ದೊರೆಯದು!”

ಅವನು ನಕ್ಕ. “ಆಗ ನಾನು ಚಿಕ್ಕವನು. ಅವರ ದನಿಯನ್ನೇ ನಾವು ಕೇಳಲಿಲ್ಲ. ದೂರದ ಸಲಾಲಾದಲ್ಲಿ ಕೂತು ಫೋನಿನಲ್ಲಿ ಒಂದು ಮಾತು ಹೇಳುತ್ತಿದ್ದರು, ಇಲ್ಲಿ ಎಲ್ಲ ಖಲಾಸ್! ಕಿರುಚುವವನಿಗೆ ಯಾರು ಹೆದರುತ್ತಾರೆ?”

“ಖರೇ ಐತಿ ನೋಡ್ರಿ,” ಎಂದಳು ಹೆಂಡತಿ, “ಮನ್ಯಾಗ ಇವ್ರು ಒದರಿದ್ರ ನಾ ಎಂದಾದ್ರೂ ಅಂಜೀನೇನು?” ಅವಳ ನಗು ಮತ್ರಾದ ಬಂದರಿಗೂ ಮುಟ್ಟಿರಬೇಕು.

ಹೀಗೆ ಗಂಟಲೂ ಹೋಯಿತು, ಮಹಾಜನರೇ! ನಾಳೆ ಬೆಳಿಗ್ಗೆ ನಿರ್ದೇಶಕರ ಮನೆ ಬಾಗಿಲು ತಟ್ಟಿ, “ಸಿಂಹಾಸನ ಬೇಡ ಸ್ವಾಮಿ, ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಹಳೇ ಫೋನು ಕೊಡಿ” ಎಂದು ಪಿಸುದನಿಯಲ್ಲೇ ಗರ್ಜಿಸಲಿದ್ದೇನೆ!