ಒಕಯಾಮ ಕಾಣದ ಗೈಡಮ್ಮ

ನಮ್ಮ ಪಕ್ಕದ ಅಪಾರ್ಟ್‌ಮೆಂಟಿನ ಫಖರುನ್ನಿಸಾ ಆಪಾ ಜಪಾನನ್ನು ಕಂಡವರಲ್ಲ. ಆದರೆ ಒಕಯಾಮ ಪಟ್ಟಣದ ಬಗ್ಗೆ ಕೇಳಿನೋಡಿ, ಮೈಸೂರಿನ ಮಂಡಿ ಮೊಹಲ್ಲಾದ ಹಿಂದಿನ ಬೀದಿಯೇನೋ ಎಂಬಂತೆ ಹೇಳುತ್ತಾರೆ. ಅಮೆರಿಕದ ನಮ್ಮ ಸ್ಯಾನ್ ಹೋಸೆಗೂ ಒಕಯಾಮಕ್ಕೂ ‘ಸಿಸ್ಟರ್ ಸಿಟಿ’ ಎಂಬ ಅಕ್ಕತಂಗಿಯರ ನಂಟು. ಅಲ್ಲಿಯ ಕೊರಕುಎನ್ ತೋಟವನ್ನು ನೋಡಿ ಇಲ್ಲೂ ಒಂದು ಜಪಾನಿ ತೋಟ ಮಾಡಿದ್ದಾರೆ. ಆಪಾ ಶನಿವಾರ ಶನಿವಾರ ಅಲ್ಲಿ ಬಿಟ್ಟಿ ಗೈಡು. ನಾನು, ಹುಬ್ಬಳ್ಳಿಯ ಅಂಬವ್ವ, ಅವರ ಖಾಯಂ ಶ್ರೋತೃ.

ಆಪಾ ಮಗಳು ಅಫ್ಶೀನಳ ಬಾಣಂತನಕ್ಕೆ ಬಂದವರು ಇಲ್ಲೇ ಉಳಿದರು. ಕೂಸನ್ನು ಸ್ಟ್ರೋಲರಿನಲ್ಲಿ ತಳ್ಳಿಕೊಂಡು ತೋಟಕ್ಕೆ ಹೋಗಿ, ಅಲ್ಲಿನ ಬೋರ್ಡು ಓದಿ, ಆಮೇಲೆ ಲೈಬ್ರರಿಯ ಪುಸ್ತಕ ಓದಿ ಹುಚ್ಚು ಹತ್ತಿಸಿಕೊಂಡರು. ಮುನ್ನೂರು ವರ್ಷದ ಹಿಂದೆ ಒಕಯಾಮದ ದೊರೆ ಆ ತೋಟ ಕಟ್ಟಿಸಿ, ಕೆಲವು ದಿನ ಜನರನ್ನೂ ಒಳಗೆ ಬಿಡುತ್ತಿದ್ದನಂತೆ. "ನಮ್ಮ ಮಹಾರಾಜರ ಥರಾನೇ" ಅನ್ನುತ್ತಾರೆ ಆಪಾ. ಮೈಸೂರಿನವರಿಗೆ ಯಾವ ಒಳ್ಳೆಯ ದೊರೆಯಾದರೂ ಅಷ್ಟೇ, ನೆಂಟ! ಅಲ್ಲಿಯ ಬಿಳಿ ಪೀಚು ಹಣ್ಣನ್ನು ವರ್ಣಿಸುವಾಗಂತೂ ತಿಂದು ಬಂದವರ ಹಾಗೆ ಬಾಯಿ ಚಪ್ಪರಿಸುತ್ತಾರೆ. ಈ ಹೆಂಗಸನ್ನು ಕಂಡರೆ ನನಗೆ ವಿಪರೀತ ಪ್ರೀತಿ.

ಒಂದೇ ಒಂದು ಜಾಗದಲ್ಲಿ ಸಿಟ್ಟು. ಒಕಯಾಮದ ತೋಟದೆದುರು ನದಿಯಾಚೆ ಕಪ್ಪು ಗೋಡೆಯ ಕೋಟೆಯಿತ್ತು, ಜನ ಅದನ್ನು ಕಾಗೆ ಕೋಟೆ ಅನ್ನುತ್ತಿದ್ದರು ಎಂದು ಚೆಂದವಾಗಿ ಹೇಳಿ, "ನಲವತ್ತೈದರಲ್ಲಿ ಬೆಂಕಿ ಬಿದ್ದು ಹೋಯಿತು, ಆಮೇಲೆ ಮತ್ತೆ ಕಟ್ಟಿದರು" ಎಂದು ಮುಂದಕ್ಕೆ ಓಡುತ್ತಿದ್ದರು. ಒಲೆ ಆರಿಸಲು ಮರೆತು ಊರು ಸುಟ್ಟ ಹಾಗೆ!

"ಬೆಂಕಿ ತಾನ ಬಿತ್ತೇನ್ರಿ? ಯುದ್ಧದಾಗ ಅಮೆರಿಕದ ವಿಮಾನ ಬಾಂಬ್ ಹಾಕಿದ್ವು ಅಂತ ನೀವ ನನಗ ಹೇಳೀರಲ್ಲ?" ಎಂದು ಜಗಳ ತೆಗೆದಿದ್ದೆ.

"ಉಂಡ ಮನೆ ಜಂತೆ ಎಣಿಸಬಾರದು ಅಂಬವ್ವ. ಮಂಗಳವಾರ ಸಿಟಿಜನ್‌ಶಿಪ್ ಇಂಟರ್‌ವ್ಯೂ ಬೇರೆ ಇದೆ. ಎಲ್ಲೂ ಏನೂ ಮಾತಾಡಬೇಡ ಅಂದಿದ್ದಾಳೆ ಅಫ್ಶೀನು."

ಅವರ ಭಯ ಸುಳ್ಳಲ್ಲ. ಮಗಳು, ಮೊಮ್ಮಗಳು ಎಲ್ಲ ಇಲ್ಲೇ. ಒಂದು ಮಾತಿನಿಂದ ಅದು ಕೈತಪ್ಪಿದರೆ? ನಾನು ಜಗಳ ಬಿಟ್ಟೆ, ಆದರೆ ಒಪ್ಪಲಿಲ್ಲ.

ಆ ಮಂಗಳವಾರಕ್ಕೆ ಮೂರು ದಿನ ಮೊದಲು ಒಕಯಾಮದಿಂದಲೇ ಹತ್ತು ಜನ ಅತಿಥಿಗಳು ನಮ್ಮ ತೋಟಕ್ಕೆ ಬಂದರು. ಅವರಲ್ಲಿ ಹಿಸಾಕೊ ಎಂಬ ಮುದುಕಿ, ಎಂಬತ್ತಾರು ವರ್ಷ. ಪಕ್ಕದಲ್ಲಿ ಅನುವಾದ ಮಾಡಲು ಮಗಳು. ಅವರ ಊರನ್ನು ಅವರಿಗೇ ವಿವರಿಸುವ ಧೈರ್ಯ ಆಪಾಗಲ್ಲದೆ ಇನ್ನಾರಿಗಿದ್ದೀತು? ಇಂಗ್ಲಿಷಿನಲ್ಲಿ ನಿರರ್ಗಳವಾಗಿ ಹೇಳುತ್ತ ಹೋದರು. ಕೋಟೆ ಬಂತು. "ಬೆಂಕಿ ಬಿದ್ದು ಹೋಯಿತು" ಎಂದು ಎಂದಿನಂತೆ ದಾಟಿದರು.

ಹಿಸಾಕೊ ಮೆಲ್ಲಗೆ ಏನೋ ಹೇಳಿದಳು. ಮಗಳು ತಿಳಿಸಿದಳು: "ಅಮ್ಮನಿಗೆ ಆಗ ಆರು ವರ್ಷ. ನನ್ನ ಅಜ್ಜಿ ಇವಳನ್ನು ಬೆನ್ನಿಗೆ ಕಟ್ಟಿಕೊಂಡು ನದಿಗೆ ಓಡಿದಳಂತೆ. ಕೋಟೆ ಉರಿಯುವುದನ್ನು ಇಬ್ಬರೂ ನೀರಿನಲ್ಲಿ ನಿಂತು ನೋಡಿದರಂತೆ."

ಅದರಲ್ಲಿ ದೂರು ಇರಲಿಲ್ಲ. ನಿಮ್ಮ ಕತೆಗೆ ಇದನ್ನೂ ಸೇರಿಸಿಕೊಳ್ಳಿ ಎಂದು ಕೊಟ್ಟ ಹಾಗಿತ್ತು. ಆಪಾ ಹೋಗಿ ಮುದುಕಿಯ ಎರಡೂ ಕೈ ಹಿಡಿದುಕೊಂಡರು.

"ಬೆಂಕಿ ತಾನಾಗಿ ಬೀಳಲಿಲ್ಲಮ್ಮ. ನಮ್ಮ ವಿಮಾನಗಳು ಸುಟ್ಟವು. ನಾನು ಮುಚ್ಚಿಟ್ಟೆ, ಕ್ಷಮಿಸಿ."

ಸುತ್ತಲಿದ್ದ ಅಮೆರಿಕನ್ನರು ನೆಲ ನೋಡಿದರು. ಹಿಸಾಕೊ ಮಾತ್ರ ಆಪಾರ ಕೈ ಬಿಡದೆ, ಉಳಿದ ತೋಟವನ್ನೆಲ್ಲ ಅವರ ಜೊತೆಗೇ ಸುತ್ತಿದಳು.

ಅಫ್ಶೀನಳ ಕಾರಿನಲ್ಲಿ ಮನೆಗೆ ಬರುವಾಗ ನನ್ನ ನಾಲಿಗೆ ತಡೆಯಲಿಲ್ಲ. "ಅಲ್ರಿ ಆಪಾ, ನಿಮ್ಮ ಇಂಟರ್‌ವ್ಯೂನ ಇನ್ನೂ ಆಗಿಲ್ಲ. ನೀವು ಹುಟ್ಟೋಕಿಂತ ಮೊದಲಿನ ಮಾತು. ಆ ವಿಮಾನ ನಿಮ್ಮವು ಹೆಂಗ ಆದವ್ರಿ?"

ಆಪಾ ಕಿಟಕಿಯಾಚೆ ಫ್ರೀವೇ ನೋಡುತ್ತಿದ್ದರು.

"ಇಷ್ಟು ವರ್ಷ ಬಂದೋರಿಗೆಲ್ಲ ಇದು ನಮ್ಮ ತೋಟ ಅಂತ ತೋರಿಸ್ಕೊಂಡು ಬಂದೆ. ತೋಟ ಮಾತ್ರ ನಮ್ಮದು, ವಿಮಾನ ಬೇರೆಯವರದ್ದು ಅಂದ್ರೆ ಆಗುತ್ತಾ ಅಂಬವ್ವ?"