ಲಾಟೀನಿನ ಗುರುತಿದ್ದ ಪೆಟ್ಟಿಗೆ

ಹೊಸ ಚರ್ಮಕ್ಕೆ ಹರಳೆಣ್ಣೆ ತಿಕ್ಕಿದಾಗ ಒಂದು ವಾಸನೆ ಬರುತ್ತದೆ. ಕೆಟ್ಟ ವಾಸನೆಯೇನಲ್ಲ, ಆದರೂ ನನಗೆ ಆಗುವುದಿಲ್ಲ. ಹೋದ ವಾರ ಒಬ್ಬ ಯುವಕ ನಮ್ಮ ಸ್ಟುಡಿಯೋಕ್ಕೆ ಬಂದು ಅಂಥದೇ ವಾಸನೆಯ ಚೀಲವೊಂದನ್ನು ನನ್ನ ಮೇಜಿನ ಮೇಲಿಟ್ಟ. ಯಾರೋ ಮಾರಿದ ಹಳೆಯ ದೊಡ್ಡ ಪ್ಲೇಟ್ ಕ್ಯಾಮೆರಾ ಕೊಂಡುಕೊಂಡಿದ್ದಾನಂತೆ. ಎಲ್ಲರೂ ಫಿಲ್ಮಿನ ಕ್ಯಾಮೆರಾ ಕೊರಳಿಗೆ ನೇತುಹಾಕಿಕೊಂಡು ಓಡಾಡುವ ಈ ಕಾಲದಲ್ಲಿ ಇವನಿಗೇಕೆ ಆ ಉಸಾಬರಿ ಎಂದುಕೊಂಡೆ. ಕ್ಯಾಮೆರಾ ಹೊತ್ತುಕೊಂಡು ಹೋಗಲು ಈ ಚರ್ಮದ ಚೀಲ ಸಾಕೋ, ಮರದ ಪೆಟ್ಟಿಗೆ ಮಾಡಿಸಬೇಕೋ ಎಂಬುದು ಅವನ ಪ್ರಶ್ನೆ.

ನಾನು ಪಾಠ ಒಪ್ಪಿಸಿದ ಹಾಗೆ ಹೇಳಿಬಿಟ್ಟೆ. ಮರದ್ದೇ ಮಾಡಿಸು. ಕ್ಯಾಮೆರಾಕ್ಕೆ ಒಂದು ಖಾನೆ, ಪ್ಲೇಟಿಗೆ ಇನ್ನೊಂದು. ಚಿತ್ರ ಮೂಡುವ ಪ್ಲೇಟು ಗಾಜು ಕಣಯ್ಯ, ಅದು ನಿಂತಿರಬೇಕು, ಮಲಗಿಸಬಾರದು. ನಡುನಡುವೆ ಕಂಬಳಿ ತುಂಡು ಹಾಕು. ನೋಡುವವರಿಗೆ ಚೆನ್ನಾಗಿ ಕಾಣುತ್ತದೆಯೇ ಅಂತ ಯೋಚಿಸಬೇಡ, ಹೊರುವವರನ್ನು ಕೇಳು. ಪಾಪ, ಅವನು ಎಲ್ಲವನ್ನೂ ಬರೆದುಕೊಂಡ. “ಇದನ್ನೆಲ್ಲ ನಿಮಗೆ ಯಾರು ಹೇಳಿಕೊಟ್ಟಿದ್ದು ಸಾರ್?” ಎಂದ.

“ಅನುಭವ” ಎಂದೆ.

ಅವನು ಕೈಮುಗಿದು ಹೋದ. ನಾನು ಕುರ್ಚಿಯಲ್ಲೇ ಕೂತಿದ್ದೆ. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ಹದಿನೈದು ವರ್ಷ ಕಳೆದರೂ ಆ ಮನುಷ್ಯನಿಗೆ ಸಲ್ಲಬೇಕಾದ ಒಂದು ಮಾತನ್ನು ಸಲ್ಲಿಸಲು ನನ್ನ ನಾಲಿಗೆ ಏಳಲಿಲ್ಲವಲ್ಲ. ಹೇಳಿಕೊಟ್ಟವರು ಮಾವ.

ಸ್ವಂತ ಮಾವನಲ್ಲ. ಕುಂಬಾರಕೊಪ್ಪಲಿನಲ್ಲಿ ನಮ್ಮ ಮನೆಯಿಂದ ನಾಲ್ಕನೇ ಮನೆ ಅವರದು. ನಮ್ಮ ಕಡೆ ಅಪ್ಪನ ವಾರಿಗೆಯವರೆಲ್ಲ ಒಂದೋ ದೊಡ್ಡಪ್ಪ, ಇಲ್ಲವೇ ಮಾವ. ಇವರು ಮಾವ. ಬೇಸಾಯ ಬಿಟ್ಟು ಮೈಸೂರಿನ ಮಂಡಿ ಮೊಹಲ್ಲಾದಲ್ಲಿ, ಸಗಟು ಅಂಗಡಿಗಳ ಪೇಟೆಯಲ್ಲಿ ಹೊರೆ ಹೊರುತ್ತಿದ್ದರು. ಆದರೆ ಎಲ್ಲ ಹಮಾಲಿಗಳ ಹಾಗಲ್ಲ. ಇವರು ಹೊರುತ್ತಿದ್ದದ್ದು ಗಾಜು ಮಾತ್ರ. ರೈಲಿನಲ್ಲಿ ಬಂದಿಳಿಯುವ ಲಾಟೀನಿನ ಗಾಜು, ಬಳೆ, ಕನ್ನಡಿ, ಇವನ್ನೆಲ್ಲ ಎತ್ತಿನಗಾಡಿಗೆ ಹಾಕಿದರೆ ಅಂಗಡಿ ಸೇರುವಷ್ಟರಲ್ಲಿ ಅರ್ಧ ಪುಡಿಯಾಗಿರುತ್ತಿತ್ತು. ಅದಕ್ಕೇ ಗಾಜಿನ ಸಗಟು ಅಂಗಡಿಯ ಯಜಮಾನರು ಮಾವ ಬರುವವರೆಗೂ ಕಾಯುತ್ತಿದ್ದರು. ತಲೆಗೆ ಬಟ್ಟೆಯ ಸಿಂಬಿ ಸುತ್ತಿಕೊಂಡು, ಮೇಲೆ ಪೆಟ್ಟಿಗೆ ಇಟ್ಟುಕೊಂಡು ಅವರು ನಡೆಯುತ್ತಿದ್ದರೆ ಮಂಡಿಯ ಆ ಗಲಾಟೆಯಲ್ಲೂ ಜನ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು.

“ಇಪ್ಪತ್ ವರ್ಷದಿಂದ ಹೊರ್ತಾ ಇವ್ನಿ ಕಣಪ್ಪ. ಒಂದ್ ಬಳೆ ಒಡ್ದಿಲ್ಲ” ಎನ್ನುತ್ತಿದ್ದರು. ಆಸ್ತಿ, ಅಂತಸ್ತು ಅಂತ ಹೇಳಿಕೊಳ್ಳಲು ಅವರಿಗೆ ಬೇರೇನೂ ಇರಲಿಲ್ಲ. ಆ ಒಂದು ಮಾತಿತ್ತು.

ಸ್ವಾತಂತ್ರ್ಯ ಬಂದ ಮೂರು ನಾಲ್ಕು ವರ್ಷಕ್ಕೆ ನಾನು ಸ್ಟುಡಿಯೋ ತೆರೆದೆ. ಕೊಪ್ಪಲಿನ ಹುಡುಗ ಫೋಟೋ ಹಿಡಿಯುತ್ತಾನೆಂದು ಮಾವನಿಗೆ ನನಗಿಂತ ಹೆಚ್ಚು ಸಂಭ್ರಮ. ಭಾನುವಾರ ಮಂಡಿ ಕೆಲಸ ಇರುತ್ತಿರಲಿಲ್ಲ. ಹೊರಗೆ ಗ್ರೂಪ್ ಫೋಟೋ ಇದ್ದರೆ ತಾವಾಗಿಯೇ ಬಂದು ಸಾಮಾನು ಹೊರುತ್ತಿದ್ದರು. ಲಾಟೀನಿನ ಗಾಜು ಬಂದಿದ್ದ ಖಾಲಿ ಪೆಟ್ಟಿಗೆಯೊಂದನ್ನು ತಂದು, ಅದರೊಳಗೆ ಹಲಗೆ ಸೀಳಿ ಖಾನೆ ಮಾಡಿ, ಹಳೇ ಕಂಬಳಿ ಕತ್ತರಿಸಿ ಹೊಡೆದು, ನನ್ನ ಕ್ಯಾಮೆರಾಕ್ಕೂ ಪ್ಲೇಟುಗಳಿಗೂ ಮನೆ ಮಾಡಿಕೊಟ್ಟವರೂ ಅವರೇ. ಪ್ಲೇಟುಗಳು ಅದರಲ್ಲಿ ಸಾಲಾಗಿ ನಿಲ್ಲುತ್ತಿದ್ದವು. ಆ ಪೆಟ್ಟಿಗೆಯಲ್ಲಿ ಎಷ್ಟು ಊರು ಸುತ್ತಿದೆವೋ... ಒಂದು ಪ್ಲೇಟಿಗೂ ಗೀರು ಬೀಳಲಿಲ್ಲ.

ಅದರ ಪಕ್ಕದಲ್ಲಿ ಮಸಿಯಿಂದ ಅಚ್ಚು ಹಾಕಿದ ಒಂದು ಲಾಟೀನಿನ ಚಿತ್ರವಿತ್ತು. ಮಾವ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಚಾಮರಾಜಪುರದ ಮದುವೆ ಮನೆಯೊಂದರಲ್ಲಿ ಸೂಟು ಹಾಕಿದ ಒಬ್ಬರು ಅದನ್ನು ನೋಡಿ, “ಏನಪ್ಪ, ಲಾಟೀನ್ ಮಾರಕ್ಕೆ ಬಂದ್ರಾ?” ಎಂದುಬಿಟ್ಟರು. ಹೆಂಗಸರೆಲ್ಲ ನಕ್ಕರು. ಮಾವನೂ ನಕ್ಕರು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಆಗ ನನಗೆ ಇಪ್ಪತ್ತೈದು. ಕೆಲಸಕ್ಕಿಂತ ಶೋಕಿ ಜಾಸ್ತಿ. ಊರೆಲ್ಲ ನನ್ನನ್ನು ದೊಡ್ಡ ಫೋಟೋಗ್ರಾಫರ್ ಅನ್ನಬೇಕು, ನಾನು ಬಂದರೆ ಎದ್ದು ನಿಲ್ಲಬೇಕು. ಹಿಂದೆ ಒಬ್ಬರು ತಲೆಯ ಮೇಲೆ ಸೊಪ್ಪಿನ ಕುಕ್ಕೆ ಹೊತ್ತ ಹಾಗೆ ಕ್ಯಾಮೆರಾ ಹೊತ್ತು ಬಂದರೆ ಯಾರು ನಿಲ್ಲುತ್ತಾರೆ?

ಮಾರನೇ ದಿನವೇ ಕುದುರೆಯ ಜೀನು ಹೊಲಿಯುವ ಒಬ್ಬರ ಹತ್ತಿರ ಹೋದೆ. ಕುದುರೆಗಳು ಕಡಿಮೆಯಾಗಿ ಅವರು ಆಗ ಚರ್ಮದ ಕೇಸುಗಳನ್ನು ಹೊಲಿಯುತ್ತಿದ್ದರು. ಕ್ಯಾಮೆರಾ ಅಳೆದರು, ಪ್ಲೇಟು ಅಳೆದರು. “ಗಾಜು ಅಂತೀರಿ. ನಿಲ್ಲೋ ಹಾಗೆ ಹೊಲೀಲಾ, ಮಲಗೋ ಹಾಗೆ ಹೊಲೀಲಾ?” ಎಂದು ಕೇಳಿದರು. ನಿಲ್ಲಿಸಿದರೆ ಕೇಸು ಡೊಳ್ಳು ಹೊಟ್ಟೆಯ ಹಾಗೆ ಕಾಣುತ್ತದೆ ಎಂದು ಮಲಗಿಸಿ ಎಂದೆ. ಮುಚ್ಚಳದೊಳಗೆ ಹಲಗೆ ಹಾಕಲೇ ಎಂದರು. ಬೇಡ, ತೂಕವಾಗುತ್ತದೆ, ರಟ್ಟು ಸಾಕು ಎಂದೆ. “ನಿಮ್ಮಿಷ್ಟ” ಎಂದು ಅವರು ಅಳತೆ ಬರೆದುಕೊಂಡರು.

ಕೇಸು ತಯಾರಾಗಿ ಬಂತು. ಏನು ಹೊಳಪು ಅದು, ಏನು ಹಿತ್ತಾಳೆಯ ಕೊಂಡಿಗಳು... ಕೆಳಗೆ ಮಡಚಿದ ಕ್ಯಾಮೆರಾ, ಮೇಲೆ ಮುಚ್ಚಳದ ಅಡಿಯಲ್ಲಿ ಪ್ಲೇಟುಗಳು ಒಂದರ ಮೇಲೊಂದು. ಹೆಗಲಿಗೆ ಹಾಕಿಕೊಳ್ಳಲು ಅಗಲವಾದ ಪಟ್ಟಿ. ಮಾವ ಅದನ್ನು ತೆರೆದು ನೋಡಿ, ಪ್ಲೇಟಿನ ಜಾಗದಲ್ಲಿ ಅಂಗೈ ಇಟ್ಟು ಒತ್ತಿದರು.

“ಗಾಜ ಮಲಗ್ಸಬಾರ್ದು ಕಣಪ್ಪ. ನಿಂತ್ಕಂಡಿರೋ ಗಾಜು ಎಂಗೋ ತಡ್ಕತದೆ. ಮಲಗಿದ್ರೆ ನಡ ಮುರ್ಕತದೆ” ಎಂದರು.

“ಬುಡಿ ಮಾವ. ಇದೇನು ಲಾಟೀನ್ ಗಾಜಾ?” ಎಂದೆ. ಅವರು ಪಟ್ಟಿಯನ್ನು ಹೆಗಲಿಗೇರಿಸಿ ಎರಡು ಹೆಜ್ಜೆ ಹಾಕಿ ನೋಡಿದರು. ಕೇಸು ಹೆಜ್ಜೆ ಹೆಜ್ಜೆಗೂ ತೊಡೆಗೆ ಬಡಿಯುತ್ತಿತ್ತು. ಮೊದಲ ಸಲ ಅವರ ನಡಿಗೆ ತಪ್ಪಿದ್ದನ್ನು ನೋಡಿದೆ. ಅಭ್ಯಾಸವಾಗುತ್ತದೆ ಎಂದು ನಾನೇ ಸಮಾಧಾನ ಹೇಳಿದೆ.

ಆ ಭಾನುವಾರ ಕಡಕೊಳದಲ್ಲಿ ಕೆಲಸವಿತ್ತು. ಒಂದು ದೊಡ್ಡ ಒಕ್ಕಲು ಮನೆ. ನಾಲ್ಕು ಜನ ಅಣ್ಣತಮ್ಮಂದಿರು ಪಾಲಾಗುವುದೆಂದು ತೀರ್ಮಾನವಾಗಿತ್ತು. ಒಲೆ ಬೇರೆಯಾಗುವ ಮುಂಚೆ ಎಲ್ಲರೂ ಒಟ್ಟಿಗಿರುವ ಒಂದು ಫೋಟೋ ಬೇಕೆಂದು ಅವರ ತಂದೆ ಹಟ ಹಿಡಿದಿದ್ದರು. ಸೊಸೆಯರು, ಮೊಮ್ಮಕ್ಕಳು ಸೇರಿ ಮೂವತ್ತಕ್ಕೂ ಮೇಲೆ ಜನ. ಎರಡನೆಯವನು ಮೂರನೆಯವನ ಪಕ್ಕ ನಿಲ್ಲುವುದಿಲ್ಲ ಎಂದ. ಮುದುಕರು ಇಬ್ಬರ ಕೈಯನ್ನೂ ಹಿಡಿದುಕೊಂಡು ತಮ್ಮ ಎಡಕ್ಕೊಬ್ಬ ಬಲಕ್ಕೊಬ್ಬ ಎಂದು ನಿಲ್ಲಿಸಿಕೊಂಡರು. ಮೂರು ಪ್ಲೇಟು ತೆಗೆದೆ. ಕೊನೆಯದರಲ್ಲಿ ಎಲ್ಲರೂ ಅಲುಗಾಡದೆ ನಿಂತಿದ್ದರು.

ವಾಪಸು ಬರುವಾಗ ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಾವ ಕೇಸನ್ನು ಇಳಿಸಿ, ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡನ್ನು ಎದೆಗೆ ಒರಗಿಸಿಕೊಂಡು ಬಾಗಿಲ ಹತ್ತಿರ ನಿಂತರು. ನನಗೆ ಬೆಳಗಿನಿಂದ ನಿಂತು ನಿಂತು ಕಾಲು ಬಿದ್ದುಹೋಗಿತ್ತು. ಕೇಸಿನ ಮೇಲೆ ಕೂತೆ. ಸುತ್ತಲಿದ್ದವರು ಅದನ್ನೇ ನೋಡುತ್ತಿದ್ದರು. ಆ ಜಂಭ ಬೇರೆ.

“ಅದ್ರ ಮ್ಯಾಲೆ ಕೂರ್ಬ್ಯಾಡ ಕಣಪ್ಪ. ಎದ್ದೇಳು” ಎಂದರು ಮಾವ, ಮೆಲ್ಲಗೆ.

ಜನರ ಮುಂದೆ ಹಾಗೆ ಹೇಳಿಸಿಕೊಂಡೆನಲ್ಲ ಎಂದು ಕೋಪ ಬಂತು. “ಕುದುರೆ ಜೀನು ಹೊಲಿಯೋರು ಮಾಡಿರೋದು ಮಾವ. ಏನೂ ಆಗಲ್ಲ” ಎಂದು ಇನ್ನೂ ಗಟ್ಟಿಯಾಗಿ ಊರಿ ಕೂತೆ. ಮೈಸೂರು ಬರುವವರೆಗೂ ಏಳಲಿಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಡಾರ್ಕ್‌ರೂಮಿನಲ್ಲಿ ಪ್ಲೇಟು ತೆಗೆದಾಗ ಕೈಗೇ ಗೊತ್ತಾಯಿತು. ಮೂರಕ್ಕೆ ಮೂರೂ ನಟ್ಟನಡುವೆ ಸೀಳಿದ್ದವು, ಒಂದೇ ಜಾಗದಲ್ಲಿ. ಬಿದ್ದ ಗಾಜು ಮೂಲೆಯಲ್ಲಿ ಒಡೆಯುತ್ತದೆ, ಅದು ನನಗೂ ಗೊತ್ತು. ಇದು ಮೇಲಿನಿಂದ ಒತ್ತಿ ಒಡೆದದ್ದು. ತೊಳೆದು ನೋಡಿದರೆ ಮುದುಕರ ಮುಖವಿರಬೇಕಾದ ಕಡೆ ಚಿತ್ರ ಮೂಡುವ ಮೇಲಿನ ಪದರವೇ ಕಿತ್ತುಹೋಗಿತ್ತು.

ಮೂರನೇ ದಿನ ಆ ಮನೆಯ ಹಿರಿಯ ಮಗ ಫೋಟೋ ತೆಗೆದುಕೊಂಡು ಹೋಗಲು ಬಂದರು. ಅಷ್ಟರಲ್ಲಿ ಅವರ ಮನೆಯಲ್ಲಿ ಮಾತಿಗೆ ಮಾತು ಬೆಳೆದು, ಒಬ್ಬರ ಮುಖ ಒಬ್ಬರು ನೋಡದ ಹಾಗೆ ಆಗಿಹೋಗಿತ್ತಂತೆ. “ಆ ಫೋಟೋ ಒಂದೇ ಈಗ ನಮ್ಮಪ್ಪನಿಗೆ ಉಳಿದಿರೋದು, ಕೊಡಿ” ಎಂದರು. ಅದೇ ಹೊತ್ತಿಗೆ ಮುಂದಿನ ಭಾನುವಾರದ ಕೆಲಸ ಕೇಳಲು ಬಂದ ಮಾವ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ನಾನು ಮೊದಲೇ ಯೋಚಿಸಿಕೊಂಡಿರಲಿಲ್ಲ, ಇದೊಂದು ನಿಜ. ಫೋಟೋಗ್ರಾಫರನೇ ತನ್ನ ಪ್ಲೇಟಿನ ಮೇಲೆ ಕೂತ ಅಂತ ಊರಿಗೆ ಗೊತ್ತಾದರೆ ಸ್ಟುಡಿಯೋ ಬಾಗಿಲು ಹಾಕಬೇಕು ಎಂಬುದೊಂದೇ ತಲೆಯಲ್ಲಿತ್ತು.

“ಪ್ಲೇಟು ಒಡೆದುಹೋಗಿದೆ. ಹೊತ್ತುಕೊಂಡು ಬಂದೋರು ಬೀಳಿಸಿಬಿಟ್ಟರು” ಎಂದೆ.

ಮಾವ ಬಾಗಿದವರು ಹಾಗೇ ತಲೆಯೆತ್ತಿದರು. “ನಾನಾ?” ಎಂದರು.

“ಇನ್ಯಾರು ಮಾವ? ನಿಮ್ಮ ಹೆಗಲ ಮೇಲೇ ಇತ್ತಲ್ಲ.”

ಹಿರಿಯ ಮಗ ಅವರಿಗೆ ಬಾಯಿಗೆ ಬಂದ ಹಾಗೆ ಬೈದರು. ಮಾವ ಅವರ ಕಡೆ ನೋಡಲೇ ಇಲ್ಲ. ನನ್ನನ್ನೇ ನೋಡುತ್ತಿದ್ದರು. ಈಗಲಾದರೂ ಹೇಳುತ್ತಾನೆ ಎಂದುಕೊಂಡಿದ್ದರೋ ಏನೋ... ನಾನು ಮೇಜಿನ ಮೇಲಿದ್ದ ಕಾಗದಗಳನ್ನು ಜೋಡಿಸುತ್ತ ಕೂತೆ. ಸ್ವಲ್ಪ ಹೊತ್ತಾದ ಮೇಲೆ ತಲೆಯೆತ್ತಿದರೆ ಬಾಗಿಲಲ್ಲಿ ಅವರಿರಲಿಲ್ಲ. ಆಮೇಲೆ ಎಂದೂ ನನ್ನ ಸ್ಟುಡಿಯೋದ ಮೆಟ್ಟಿಲು ಹತ್ತಲಿಲ್ಲ.

ಆ ಹಿರಿಯ ಮಗ ಮಂಡಿಗೆ ಬೆಲ್ಲ ತಂದು ಹಾಕುವವರು. ಅಲ್ಲಿ ಸಿಕ್ಕವರಿಗೆಲ್ಲ ಈ ಕಥೆ ಹೇಳಿದರು. ಗಾಜಿನ ಅಂಗಡಿಯ ಯಜಮಾನರ ಕಿವಿಗೂ ಬಿತ್ತು. ವಯಸ್ಸಾಯಿತು, ಕೈ ನಡುಗುತ್ತಿರಬೇಕು ಎಂದು ಅವರು ಮಾವನನ್ನು ಕರೆಯುವುದನ್ನು ನಿಲ್ಲಿಸಿಬಿಟ್ಟರು. ಐವತ್ತು ದಾಟಿದ ಮಾವ ಬೆಲ್ಲದ ಮೂಟೆ, ಈರುಳ್ಳಿ ಮೂಟೆ ಬೆನ್ನಿಗೆ ಹಾಕಿಕೊಂಡು ನಡೆಯುವುದನ್ನು ನಾನೇ ಕಂಡೆ. ಅವರೂ ನನ್ನನ್ನು ಕಂಡರು. ನಾನು ಪಕ್ಕದ ಓಣಿಗೆ ತಿರುಗಿಕೊಂಡೆ.

ಒಂದು ದಿನ ಗಟ್ಟಿ ಮನಸ್ಸು ಮಾಡಿ ಗಾಜಿನ ಅಂಗಡಿಗೆ ಹೋದೆ. ನಿಜ ಹೇಳಿಬಿಡಬೇಕೆಂದೇ ಹೋದದ್ದು. ಯಜಮಾನರು ಕೂರಿಸಿ ಕಾಫಿ ತರಿಸಿದರು. “ನಿಮ್ಮಿಂದ ಉಪಕಾರ ಆಯ್ತು ಕಣ್ರೀ, ನಮ್ಮ ಮಾಲು ಒಡೆಯೋ ಮುಂಚೆ ಗೊತ್ತಾಯ್ತು. ಮಗಳ ಮದುವೆಗೆ ಫೋಟೋ ನಿಮ್ಮದೇ” ಎಂದರು. ನಾನು ಕಾಫಿ ಕುಡಿದು, ಮದುವೆ ಒಪ್ಪಿಕೊಂಡು ಎದ್ದು ಬಂದೆ. ಮಣ್ಣು ತಿನ್ನುವ ಕೆಲಸ ಮಾಡಿದೆ, ಬೇರೇನು ಹೇಳಲಿ. ನಾಳೆ ಹೇಳೋಣ, ಹಬ್ಬ ಕಳೆಯಲಿ ಎನ್ನುತ್ತ ಎನ್ನುತ್ತ ವರ್ಷಗಳು ಹೋದವು. ನಾಲ್ಕು ವರ್ಷದ ಹಿಂದೆ ಮಾವ ತೀರಿಕೊಂಡರು. ಹೂವಿನ ಹಾರ ತೆಗೆದುಕೊಂಡು ಹೋಗಿ, ಎಲ್ಲರ ಹಿಂದೆ ನಿಂತು, ಮುಖ ಸರಿಯಾಗಿ ನೋಡದೆ ಬಂದೆ.

ಆ ಯುವಕ ಚೀಲ ತೋರಿಸಿ ಹೋದ ಮೇಲೆ ಎರಡು ದಿನ ನನಗೆ ಊಟ ಸೇರಲಿಲ್ಲ. ಮೂರನೇ ದಿನ ಬೆಳಿಗ್ಗೆ ಸೀದಾ ಮಾವನ ಮನೆಗೆ ಹೋದೆ. ಈಗ ಅಲ್ಲಿರುವುದು ಅವರ ಮಗಳು. ನಾನು ಸ್ಟುಡಿಯೋ ತೆರೆದಾಗ ಲಂಗ ಹಾಕಿಕೊಂಡು ಓಡಾಡುತ್ತಿದ್ದ ಹುಡುಗಿ. ಜಗಲಿಯ ಮೇಲೆ ಕೂತು ತನ್ನ ಮಗಳ ತಲೆ ಬಾಚುತ್ತಿದ್ದಳು. “ಬಾ ಅಣ್ಣ, ಅಪರೂಪಕ್ಕೆ ಬಂದೆ” ಎಂದು ಚಾಪೆ ಎಳೆದು ಹಾಕಿದಳು.

ಕೂರುವ ಮೊದಲೇ ಹೇಳಿಬಿಟ್ಟೆ. ಕೂತರೆ ಮತ್ತೆ ಕಾಫಿ ಬರುತ್ತದೆ, ಮಾತು ಬೇರೆ ಕಡೆ ಹೋಗುತ್ತದೆ ಎಂಬ ಭಯ. ಅವತ್ತು ಮಾವ ಏನನ್ನೂ ಬೀಳಿಸಲಿಲ್ಲ, ಪ್ಲೇಟಿನ ಮೇಲೆ ಕೂತು ಒಡೆದವನು ನಾನು, ಏಳು ಅಂದರೂ ಏಳಲಿಲ್ಲ, ಆಮೇಲೆ ಸುಳ್ಳು ಹೇಳಿದೆ ಎಂದೆಲ್ಲ ಒಂದೇ ಉಸಿರಿಗೆ ಹೇಳಿದೆ. ಬೈಯುತ್ತಾಳೆ, ಬೈಯಲಿ, ಬೈಸಿಕೊಂಡರೆ ಸ್ವಲ್ಪ ಹಗುರವಾಗುತ್ತದೆ ಎಂದುಕೊಂಡಿದ್ದೆ.

ಅವಳು ಬೈಯಲಿಲ್ಲ. ಮಗಳನ್ನು ಒಳಗೆ ಕಳಿಸಿದಳು. ಬಾಚಣಿಗೆ ಕೈಯಲ್ಲೇ ಇತ್ತು.

“ಅಪ್ಪ ಹೇಳ್ತಾನೇ ಇತ್ತು ಅಣ್ಣ. ‘ನಾನ್ ಬೀಳ್ಸಿಲ್ಲ, ನಾನ್ ಬೀಳ್ಸಿಲ್ಲ’ ಅಂತ. ಅವ್ವ ನಂಬ್ನಿಲ್ಲ. ‘ವಯಸ್ಸಾಯ್ತು, ಒಪ್ಕೊಂಡ್ರೆ ಏನ್ ಗಂಟು ಹೋಗತ್ತೆ’ ಅಂತ ಬಯ್ಯದು. ನಾನೂ ನಂಬ್ನಿಲ್ಲ. ‘ಅಣ್ಣ ಯಾಕಪ್ಪ ಸುಳ್ಳೇಳುತ್ತೆ’ ಅಂದ್ಬುಟ್ಟೆ ಒಂದಿನ. ಅವತ್ತಿಂದ ಅಪ್ಪ ಆ ಮಾತೇ ಎತ್ನಿಲ್ಲ.”

ಅವಳ ಕಣ್ಣು ತುಂಬಿತ್ತು.

“ಇದ್ನ ನನಗ್ಯಾಕೆ ಹೇಳ್ದೆ ಅಣ್ಣ ಈಗ?” ಎಂದಳು.

ಯಾರಿಗಾದರೂ ಹೇಳಲೇಬೇಕಾಗಿತ್ತು ಎಂದೆ. ಹೇಳಬೇಕಾಗಿದ್ದವರು ಮಣ್ಣಾಗಿ ನಾಲ್ಕು ವರ್ಷವಾಗಿತ್ತು.