ಉಪ್ಪಿನ ಸುದ್ದಿ ಎತ್ತದ ಮನೆ

ಮೊನ್ನೆ ದೊಡವಾಡದಿಂದ ಬಂದ ಅಣ್ಣ, ಹಳೆಯ ಧೋತರದಲ್ಲಿ ಸುತ್ತಿದ ಒಂದು ಗಂಗಾಳ ತಂದಿದ್ದ. ಮನೆಯ ಹಳೆಯ ಸಾಮಾನನ್ನೆಲ್ಲ ಮಾರಲು ತೆಗೆದಾಗ ಇದೊಂದನ್ನು ಬದಿಗಿಟ್ಟನಂತೆ. ಎತ್ತರದ ಅಂಚಿನ, ಉಣ್ಣುವ ಕಂಚಿನ ಗಂಗಾಳ, ಬೆರಳು ಓಡಾಡಿ ಓಡಾಡಿ ತಳ ನುಣ್ಣಗಾಗಿದೆ. ಮೂಗಿಗೆ ಹಿಡಿದೆ. ಹುಣಸೆಹಣ್ಣಿನ ವಾಸನೆ, ಅದರ ಹಿಂದೆ ವಿಭೂತಿಯದು... ಅಥವಾ ನನಗೇ ಹಾಗನ್ನಿಸಿತೋ ಏನೋ. ನಾಲಿಗೆ ಕೆಟ್ಟ ಮೇಲೆ ನನ್ನ ಮೂಗನ್ನೂ ನಾನು ಪೂರ್ತಿ ನಂಬುವುದಿಲ್ಲ.

ಅದು ನಮ್ಮ ಅತ್ತಿಯ ಗಂಗಾಳ. ಅತ್ತಿ ಎಂದರೆ ಅಪ್ಪನ ಅಕ್ಕ. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಮನೆಯ ಕೀಲಿಕೈಗಳ ಜೊತೆ ಶಿವನನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಸ್ನಾನ, ಲಿಂಗಪೂಜೆ ಆಗದೆ ನಮ್ಮ ಗಂಟಲಿಗೆ ಒಂದು ಗುಟುಕು ನೀರು ಇಳಿಯುವಂತಿರಲಿಲ್ಲ. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕುಳಿತರೆ ಕೈ ಅಲುಗಬಾರದು. ನನಗೆ ಆ ಲಿಂಗದಲ್ಲಿ ದೇವರು ಎಂದೂ ಕಾಣಲಿಲ್ಲ, ಅತ್ತಿಯ ಕಣ್ಣು ಮಾತ್ರ ಕಾಣುತ್ತಿತ್ತು.

ಎಲ್ಲಕ್ಕಿಂತ ಕಠಿಣವಾದದ್ದು ಉಣ್ಣುವ ನೇಮ. ಲಿಂಗಕ್ಕೆ ತೋರಿಸುವ ಮೊದಲು ಅಡುಗೆಯ ರುಚಿ ನೋಡುವಂತಿಲ್ಲ, ನೋಡಿದರೆ ಎಂಜಲು. ತೋರಿಸಿದ ಮೇಲೆ ಅದು ಪ್ರಸಾದ, ಪ್ರಸಾದಕ್ಕೆ ಹೆಸರಿಡುವಂತಿಲ್ಲ. ಹೀಗಾಗಿ ಉಪ್ಪು ಹೆಚ್ಚೋ ಕಡಿಮೆಯೋ ಮೊದಲು ಗೊತ್ತಾಗುತ್ತಿರಲಿಲ್ಲ, ಗೊತ್ತಾದ ಮೇಲೆ ಹೇಳುವ ಹಾಗಿರಲಿಲ್ಲ. ಉಂಡಾದ ಮೇಲೆ ಗಂಗಾಳಕ್ಕೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿಯಬೇಕು.

ಒಮ್ಮೆ ಬೈಲಹೊಂಗಲದಿಂದ ಬೀಗರು ಬಂದಿದ್ದರು. ಅತ್ತಿ ಸಾರಿಗೆ ಉಪ್ಪು ಹಾಕಿ ಮೊಸರು ತರಲು ಒಳಗೆ ಹೋದಳು. ಅದು ತಿಳಿಯದ ಅವ್ವ ಮತ್ತೊಮ್ಮೆ ಹಾಕಿದಳು. ರುಚಿ ನೋಡುವವರು ಯಾರು? ಎಲ್ಲರೂ ಕುಳಿತು ಉಂಡರು. ನಾನು "ಉಪ್ಪ..." ಎಂದು ಬಾಯಿ ತೆರೆದೆ. ಅತ್ತಿ ನೋಡಿದಳು, ಮುಚ್ಚಿದೆ. ಆ ಮಧ್ಯಾಹ್ನವೆಲ್ಲ ಬೀಗರಾದಿಯಾಗಿ ಒಬ್ಬೊಬ್ಬರೇ ಎದ್ದು, ಯಾರ ಮುಖವನ್ನೂ ನೋಡದೆ, ನೀರಿನ ಹಂಡೆಯ ಕಡೆಗೆ ಹೋಗಿ ಬಂದರು. ಅವ್ವ ಬಾಗಿಲ ಮರೆಗೆ ನಿಂತು ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಳು. ಅವ್ವ ನಕ್ಕದ್ದು ನನಗೆ ನೆನಪಿರುವುದು ಅದೊಂದೇ ಸಲ.

ಮುಂದಿನ ಚಳಿಗಾಲದಲ್ಲಿ ಅವ್ವ ಹೆರಿಗೆಯಲ್ಲಿ ತೀರಿಕೊಂಡಳು. ಮಣ್ಣು ಕೊಟ್ಟು ಬಂದ ಮರುದಿನ ಅತ್ತಿ ನನ್ನ ಮುಂದೆ ಗಂಗಾಳ ಇಟ್ಟಳು. ತುತ್ತು ಬಾಯಿಗಿಟ್ಟರೆ ಮಣ್ಣು ಮುಕ್ಕಿದ ಹಾಗಾಯಿತು, ಉಗುಳಿದೆ. ಉಗುಳಿದ್ದನ್ನು ಅತ್ತಿ ಬಳಿದು ತೆಗೆದು ಮತ್ತೆ ಬಡಿಸಿದಳು.

"ನಾಲಿಗಿ ಮಾತ ಕೇಳಬ್ಯಾಡ. ಹೊಟ್ಟಿ ಮಾತ ಕೇಳು. ಉಣ್ಣು" ಎಂದಳು.

ದೀಪ ಹಚ್ಚುವ ಹೊತ್ತಿನವರೆಗೂ ಎದುರಿಗೆ ಕುಳಿತು ಉಣ್ಣಿಸಿದಳು. ತಲೆ ಸವರಲಿಲ್ಲ. ತಾಯಿಗಿಂತ ಬಂಧುವಿಲ್ಲ, ಉಪ್ಪಿಗಿಂತ ರುಚಿಯಿಲ್ಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅವತ್ತಿನಿಂದ ಎರಡರ ಸುದ್ದಿಯನ್ನೂ ಯಾರೂ ಎತ್ತಲಿಲ್ಲ. ಆ ದಿನಕ್ಕಾಗಿ ನಾನು ಅವಳನ್ನು ದ್ವೇಷಿಸಿದೆ, ಅದನ್ನು ಮುಚ್ಚಿಡುವುದೇನಿದೆ.

ಧಾರವಾಡದಲ್ಲಿ ಕಾಲೇಜು ಓದುವಾಗ ಒಂದು ಬೆಳಿಗ್ಗೆ ಲಿಂಗ ಬಿಚ್ಚಿ ಪೆಟ್ಟಿಗೆಯಲ್ಲಿಟ್ಟೆ. ಸ್ನಾನಕ್ಕೆ ಮೊದಲೇ ಚಹಾ ಕುಡಿದೆ, ಏನೂ ಆಗಲಿಲ್ಲ. ಮುಂದೆ ಬೇರೆ ಜಾತಿಯವರನ್ನು ಮದುವೆಯಾಗಿ ರಾಮದುರ್ಗದಲ್ಲಿ ಮನೆ ಮಾಡಿದೆ. ನನ್ನ ಗಂಡ ಸಾಲಿ ಮಾಸ್ತರು, ಊಟಕ್ಕೆ ಕುಳಿತರೆ ಮೊದಲ ತುತ್ತಿಗೇ ತಕರಾರು. "ಉಪ್ಪ ಒಂಚೂರು ಕಡಿಮಿ ಆತು ನೋಡು" ಎಂದು ಅವರು ಮೊದಲ ಸಲ ಅಂದಾಗ ನನಗೆ ಎಷ್ಟು ಹಗುರವಾಯಿತೆಂದರೆ, ಎದ್ದು ಹೋಗಿ ಉಪ್ಪಿನ ಡಬ್ಬಿಯನ್ನೇ ತಂದು ಅವರ ಮುಂದಿಟ್ಟಿದ್ದೆ.

ಅತ್ತಿ ಒಂದೇ ಸಲ ನಮ್ಮ ಮನೆಗೆ ಬಂದಳು. ಸುಡುವ ಬೇಸಿಗೆ. ಒಳಗೆ ಬರಲಿಲ್ಲ, ಹೊರಗಿನ ಕಟ್ಟೆಯ ಮೇಲೆ ಕುಳಿತಳು. ತಾನೇ ಕಟ್ಟಿಕೊಂಡು ಬಂದಿದ್ದ ರೊಟ್ಟಿ ತಿಂದಳು. ತಂದಿದ್ದ ತಂಬಿಗೆಯನ್ನು ಬಾಯಿಗೆ ಬೋರಲು ಹಾಕಿದಳು, ನೀರು ಮುಗಿದಿತ್ತು. ನಾನು ಒಳಗೆ ಹೋಗಲು ಎದ್ದೆ.

"ನೀ ನೀರ ತರಬ್ಯಾಡ" ಎಂದಳು. "ನನಗ ಒಲ್ಲೆ ಅನ್ನಾಕ ಹಚ್ಚಬ್ಯಾಡ."

ಲಿಂಗವಿಲ್ಲದವರ ಕೈಯ ನೀರು ಅವಳಿಗೆ ನಡೆಯುತ್ತಿರಲಿಲ್ಲ. ಒಣಗಿದ ತುಟಿಯಲ್ಲೇ ಎದ್ದು ಬಸ್‌ಸ್ಟ್ಯಾಂಡಿನ ಕಡೆಗೆ ನಡೆದಳು. ನಾನು ಕರೆಯಲಿಲ್ಲ, ಅವಳು ತಿರುಗಿ ನೋಡಲಿಲ್ಲ. ಆಮೇಲೆ ನಾನು ಅವಳನ್ನು ನೋಡಿದ್ದು ವಿಭೂತಿ ಬಳಿದು ಕೂರಿಸಿದ ಹೆಣವಾಗಿ...

ಹೋದ ವರ್ಷ ನನ್ನ ನಾಲಿಗೆಯ ಅಡಿ ಒಂದು ಗಂಟು ಕಾಣಿಸಿತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ವಾರಗಟ್ಟಲೆ ಕರೆಂಟು, ಅಂದರೆ ರೇಡಿಯೇಶನ್, ಕೊಟ್ಟರು. ಮುಖಕ್ಕೆ ಜಾಳಿಗೆಯಂಥ ಮುಖವಾಡ ಬಿಗಿದು ಅಲುಗಬೇಡಿ ಎನ್ನುತ್ತಿದ್ದರು. ಅಲುಗದೆ ಇರುವುದು ನನಗೆ ಹೊಸದಲ್ಲ. ಹೊಸದಾದದ್ದು ಆಮೇಲೆ. ಬಾಯೆಲ್ಲ ಸುಟ್ಟು ಅನ್ನ, ಹಾಲು, ಬೆಲ್ಲ ಎಲ್ಲವೂ ಮಣ್ಣಾದವು. ಊಟ ಬಿಟ್ಟು ತೂಕ ಇಳಿದರೆ ಚಿಕಿತ್ಸೆಯನ್ನೇ ನಿಲ್ಲಿಸಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು.

ನನ್ನ ಪಕ್ಕದ ಬೆಂಚಿಗೆ ಸವದತ್ತಿ ಕಡೆಯ ಒಬ್ಬಾಕೆ ಬರುತ್ತಿದ್ದಳು. ಮಗಳು ಗಂಜಿ ಹಿಡಿದರೆ ಡಬ್ಬಿಯನ್ನೇ ದೂಡುತ್ತಿದ್ದಳು. "ಮಣ್ಣ ತಿಂದಂಗ ಆಗತೈತಿ, ನೀವು ಹ್ಯಾಂಗ ಉಣ್ತೀರಿ ಅಕ್ಕಾರ?" ಎಂದು ಕೇಳಿದಳು. ಮಣ್ಣು ಉಣ್ಣುವುದನ್ನು ನಾನು ಎಳೆತನದಲ್ಲೇ ಕಲಿತಿದ್ದೆ. ನಾಲಿಗೆಯ ಮಾತು ಕೇಳದೆ, ಒಂದೊಂದೇ ಚಮಚ ಹೊಟ್ಟೆಗೆ ಇಳಿಸಿದೆ. ಪ್ರತಿ ಚಮಚಕ್ಕೂ ಅತ್ತಿ ಎದುರಿಗೆ ಕುಳಿತಿದ್ದಳು. ಸವದತ್ತಿಯಾಕೆ ಕೆಲವು ದಿನ ಬಂದಳು, ಆಮೇಲೆ ಬೆಂಚು ಖಾಲಿಯಾಯಿತು. ನಾನು ಉಳಿದೆ.

ಉಳಿಸಿದ್ದು ದೇವರಲ್ಲ, ಅದರಲ್ಲಿ ನನಗೆ ಈಗಲೂ ಅನುಮಾನವಿಲ್ಲ. ಲಿಂಗ ಮತ್ತೆ ಕಟ್ಟಿಕೊಂಡಿಲ್ಲ, ಕಟ್ಟಿಕೊಳ್ಳುವುದೂ ಇಲ್ಲ. ಆದರೆ ನಾನು ಬಿಟ್ಟು ಬಂದ ಮನೆಯ ಒಂದು ಕ್ರೂರ ನೇಮ ನನ್ನ ಜೀವ ಹಿಡಿದುಕೊಂಡಿತು. ಇದನ್ನು ನಾನು ಒಬ್ಬಳಿಗೆ ಹೇಳಬೇಕಿತ್ತು. ಅವಳಿಗೆ ಇನ್ನು ಹೇಳುವಂತಿಲ್ಲ.

ರುಚಿ ಮರಳಿಲ್ಲ. ನಾನೀಗ ರುಚಿ ನೋಡದೆಯೇ ಅಡುಗೆ ಮಾಡುತ್ತೇನೆ. ಗಂಗಾಳ ಬಂದ ದಿನ ಮಧ್ಯಾಹ್ನ ಅದರಲ್ಲೇ ಉಂಡೆ. ಎದುರಿಗೆ ಕುಳಿತ ಗಂಡ ತಕರಾರು ತೆಗೆಯದೆ ಉಂಡು, ಒಂದು ತಂಬಿಗೆ ನೀರು ಕುಡಿದರು. ಎದ್ದು ಹೋಗಿ ಇನ್ನೊಂದು ತಂಬಿಗೆ ತುಂಬಿಕೊಂಡು ಬಂದರು.

"ಉಪ್ಪ ಹೆಚ್ಚಾತೇನ್ರಿ?" ಎಂದೆ.

"ಇಲ್ಲ. ಚಲೋ ಆಗೇತಿ" ಎಂದರು, ನನ್ನ ಮುಖ ನೋಡದೆ.

ಬಾಗಿಲ ಮರೆಯಲ್ಲಿ ನಗುವುದಕ್ಕೆ ಅವ್ವ ಇರಲಿಲ್ಲ. ಅವರು ಕೈ ತೊಳೆಯಲು ಹೋದ ಮೇಲೆ ನಾನು ಅವರ ತಂಬಿಗೆಯಲ್ಲಿ ಉಳಿದ ನೀರನ್ನು ಗಂಗಾಳಕ್ಕೆ ಸುರಿದೆ, ಬೆರಳಿನಿಂದ ತಳ ತೊಳೆದೆ, ಎತ್ತಿ ಕುಡಿದೆ. ಲಿಂಗ ಬಿಚ್ಚಿಟ್ಟ ಮೇಲೆ ನನ್ನ ಕೈಯ ನೀರು ಅತ್ತಿಯ ಗಂಗಾಳಕ್ಕೆ ಬಿದ್ದದ್ದು ಅದೇ ಮೊದಲು.